ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯೇ? ವಿಮೆ ಫಾರ್ಮಿನಲ್ಲಿ ನಿಜವನ್ನೇ ಬರೆಯಿರಿ

‘ಅದನ್ನೆಲ್ಲ ಬರೀಬೇಡಿ ಸಾರ್, ಸುಮ್ನೆ ರಿಜೆಕ್ಟ್ ಆಗುತ್ತೆ.’

ಜೀವ ವಿಮೆಯ ಪ್ರಪೋಸಲ್ ಫಾರ್ಮಿನಲ್ಲಿ ಮಾನಸಿಕ ಕಾಯಿಲೆಯ ಪ್ರಶ್ನೆ ಬಂದಾಗ ಕೆಲವು ಏಜೆಂಟರು ಹೀಗೆಂದು, ‘ಇಲ್ಲ’ ಎನ್ನುವ ಕಡೆ ತಾವೇ ಟಿಕ್ ಹಾಕಿಬಿಡುತ್ತಾರೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಪಾಲಿಸಿ ಸಿಕ್ಕರೆ ಸಾಕೆಂದು ಸಹಿ ಹಾಕುತ್ತಾರೆ. ಆ ಟಿಕ್‌ಗೆ ಬೆಲೆ ತೆರುವವರು ಏಜೆಂಟರಲ್ಲ, ನಾಮಿನಿಗಳು.

1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಮೊದಲ ಮೂರು ವರ್ಷದೊಳಗೆ ಪಾಲಿಸಿದಾರ ತೀರಿಕೊಂಡರೆ ಕಂಪನಿ ಆಸ್ಪತ್ರೆ ದಾಖಲೆಗಳನ್ನು ತರಿಸಿ ನೋಡಿ, ಮುಖ್ಯ ಸಂಗತಿ ಮುಚ್ಚಿಟ್ಟಿದ್ದರೆ ಕ್ಲೇಮ್ ನಿರಾಕರಿಸಬಹುದು. ಮೂರು ವರ್ಷ ದಾಟಿದ ಮೇಲೆ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಲ್ಯಾಪ್ಸ್ ಆದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದರೆ ಈ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಕಾಯಿಲೆ ಜೋರಾದಾಗ ಕೆಲಸಕ್ಕೆ ಹೋಗಲಾಗದೆ ಕಂತು ತಪ್ಪಿಸಿಕೊಂಡವರು ಇದನ್ನು ನೆನಪಿಡಬೇಕು.

ಆತ್ಮಹತ್ಯೆಯಾದರೆ ವಿಮೆ ಹಣ ಬರುವುದೇ ಇಲ್ಲ ಎಂಬ ನಂಬಿಕೆಯೂ ತಪ್ಪು. ಸಾಮಾನ್ಯ ಪಾಲಿಸಿಗಳಲ್ಲಿ ಈ ನಿರ್ಬಂಧ ಮೊದಲ 12 ತಿಂಗಳಿಗೆ ಮಾತ್ರ. ಆಗಲೂ ಕಟ್ಟಿದ ಪ್ರೀಮಿಯಂನ ಕನಿಷ್ಠ ಶೇ 80ರಷ್ಟು ಕುಟುಂಬಕ್ಕೆ ಸಲ್ಲಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಎಂದಿತು. ಆದರೆ 21(4)ನೇ ಸೆಕ್ಷನ್ ಹೇಳುವುದು ಚಿಕಿತ್ಸೆಯ ವಿಮೆಯ ಬಗ್ಗೆ. ಜೀವ ವಿಮೆಯಲ್ಲಿ ತೀರ್ಮಾನ ಇಂದಿಗೂ ಕಂಪನಿಯದೇ. ಕಾಯಿಲೆ ಯಾವುದು, ಎಷ್ಟು ವರ್ಷದ್ದು, ಆಸ್ಪತ್ರೆಗೆ ಸೇರಿದ್ದುಂಟೇ, ಆತ್ಮಹತ್ಯೆಗೆ ಯತ್ನಿಸಿದ್ದುಂಟೇ ಎಂದೆಲ್ಲ ನೋಡಿ ಅದು ಪಾಲಿಸಿ ಕೊಡಬಹುದು, ಪ್ರೀಮಿಯಂ ಹೆಚ್ಚಿಸಬಹುದು, ಕೆಲಕಾಲ ಮುಂದೂಡಬಹುದು, ಇಲ್ಲವೇ ನಿರಾಕರಿಸಬಹುದು.

ಹಾಗಾಗಿ ಅರ್ಜಿಯ ಜೊತೆ ಮನೋವೈದ್ಯರ ಪತ್ರವೊಂದಿರಲಿ. ಕಾಯಿಲೆಯ ಹೆಸರು, ಈಗಿನ ಮಾತ್ರೆ, ಎಷ್ಟು ದಿನದಿಂದ ಸ್ಥಿಮಿತದಲ್ಲಿದ್ದೀರಿ, ಕೆಲಸಕ್ಕೆ ಹೋಗುತ್ತಿದ್ದೀರಾ ಎಂಬುದು ಅದರಲ್ಲಿರಲಿ. ಒಂದು ಕಂಪನಿ ಒಲ್ಲೆನೆಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಇನ್ನೊಂದನ್ನು ವಿಚಾರಿಸಿ. ಹಿಂದಿನ ನಿರಾಕರಣೆಯನ್ನೂ ಮುಚ್ಚಿಡಬೇಡಿ. ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾದರೆ, ಮೊದಲು ಕಂಪನಿಗೆ ದೂರು ಕೊಟ್ಟು, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಶುಲ್ಕವಿಲ್ಲ. ಯಾವ ಕಂಪನಿಯೂ ಪಾಲಿಸಿ ಕೊಡದಿದ್ದರೆ, ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆಯಿರುವ 18ರಿಂದ 50 ವರ್ಷದವರು ವರ್ಷಕ್ಕೆ ₹436 ಕಟ್ಟಿ ‘ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ’ ಸೇರಬಹುದು. ವೈದ್ಯಕೀಯ ತಪಾಸಣೆಯಿಲ್ಲದೆ ₹2 ಲಕ್ಷದ ವಿಮೆ ಸಿಗುತ್ತದೆ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಶೇ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ವೈದ್ಯರ ಬಳಿ ಹೋಗದವರ ಫಾರ್ಮು ಚೊಕ್ಕವಾಗಿ ಕಾಣುತ್ತದೆ. ಹೋಗಿ ಚೇತರಿಸಿಕೊಂಡವರ ಫಾರ್ಮು ವಾಪಸಾಗುತ್ತದೆ. ಬಿ.ಪಿ. ಹತೋಟಿಯಲ್ಲಿಟ್ಟುಕೊಂಡವರನ್ನು ಕಂಪನಿಗಳು ಹೇಗೆ ಅಳೆಯುತ್ತವೋ, ಹಾಗೆಯೇ ಖಿನ್ನತೆಯನ್ನು ಹತೋಟಿಗೆ ತಂದವರನ್ನೂ ಅಳೆಯಬೇಕು. ಚಿಕಿತ್ಸೆಯ ವಿಮೆಗೆ ಕಾಯ್ದೆ ಕೊಟ್ಟ ಸಮಾನತೆ ಜೀವ ವಿಮೆಗೂ ದಕ್ಕಬೇಕು. ಅಲ್ಲಿಯವರೆಗೆ ಪೆನ್ನು ಏಜೆಂಟರ ಕೈಗೆ ಕೊಡಬೇಡಿ. ಫಾರ್ಮನ್ನು ನೀವೇ ಓದಿ, ನೀವೇ ತುಂಬಿ.