ಸ್ಪ್ಯಾನರಿನ ಹೊಳಪೂ ಉಕ್ಕಿನ ಹದವೂ

ಹೊಸೂರಿನಲ್ಲಿರುವ ನನ್ನ ತಂಗಿಯ ಮಗ ಲಾರಿ ರಿಪೇರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹದಿನೇಳರ ಸ್ಪ್ಯಾನರೊಂದನ್ನು ಅಗ್ಗಕ್ಕೆ ಕೊಂಡು ತಂದಿದ್ದ. ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರನೆಯ ದಿನ ಬಿಗಿಯಾದ ನಟ್ಟೊಂದಕ್ಕೆ ಹಾಕಿ ಮೈಭಾರ ಬಿಟ್ಟು ಎಳೆದಾಗ ಸ್ಪ್ಯಾನರಿನ ಬಾಯಿ ಅಗಲವಾಯಿತು, ನಟ್ಟು ಜಾರಿತು, ಕೈ ಹೋಗಿ ಚಾಸಿಗೆ ಬಡಿಯಿತು. ಬೆರಳ ಗೆಣ್ಣಿಗೆ ನಾಲ್ಕು ಹೊಲಿಗೆ.

"ಮಾಮ, ಅದರ ಮೇಲೆ ದೊಡ್ಡ ಕಂಪನಿಯ ಹೆಸರಿತ್ತಲ್ಲ?" ಎಂದ. ಕನ್ನಡಕ ಹಾಕಿಕೊಂಡು ನೋಡಿದೆ. ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ನನಗೆ ಕೆಡುಕೆನಿಸಿದ್ದು ಅದಕ್ಕಲ್ಲ. ಕೃಷ್ಣಗಿರಿಯ ನನ್ನ ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿಯೂ ಅದೇ ಮಾಲಿನ ಎರಡು ಡಬ್ಬಗಳಿದ್ದವು.

1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಬಂದಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಮೊದಲಾದ ಕಾರ್ಖಾನೆಗಳು ಎದ್ದವು. ಅಂಥ ದೊಡ್ಡ ಕಾರ್ಖಾನೆಗಳಲ್ಲಿ ಉಪಕರಣವನ್ನು ಪರೀಕ್ಷಿಸಲು ಬೇರೆಯೇ ವಿಭಾಗವಿರುತ್ತದೆ. ಹೆದ್ದಾರಿಯ ಪಕ್ಕದ ಶೆಡ್ಡಿನ ಹುಡುಗನಿಗೆ ಯಾವ ವಿಭಾಗವಿದೆ? ಅಂಗಡಿಯವರಾದ ನಾವು ಕೊಟ್ಟದ್ದೇ ಅವನಿಗೆ ಗತಿ. ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಇದೇ ವ್ಯಾಪಾರದಲ್ಲಿರುವುದರಿಂದ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಪಕರಣದ ಬಲವಿರುವುದು ಹೊಳಪಿನಲ್ಲಲ್ಲ, ಹದದಲ್ಲಿ. ಎರಕ ಹೊಯ್ದ ಕಬ್ಬಿಣಕ್ಕೂ, ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಿದ ಉಕ್ಕಿಗೂ ಅಜಗಜಾಂತರ. ಬಡಿದ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಒಡೆಯುತ್ತದೆ. ಮತ್ತೆ ಹಿತವಾಗಿ ಕಾಯಿಸಿ ಸ್ವಲ್ಪ ಗಡಸುತನವನ್ನು ತೆಗೆದು ತಾಳಿಕೆಯನ್ನು ಕೊಡಬೇಕು. ಕಮ್ಮಿ ಬೆಲೆಯ ಮಾಲಿನಲ್ಲಿ ಸಾಮಾನ್ಯವಾಗಿ ಕೈಬಿಡುವುದು ಈ ಎರಡನೆಯ ಕಾವನ್ನೇ, ಇಲ್ಲವೇ ಎರಡನ್ನೂ. ಮೇಲೆ ಕ್ರೋಮಿಯಂ ಲೇಪ ಹಾಕಿದರೆ ಕಣ್ಣಿಗೆ ಎಲ್ಲವೂ ಒಂದೇ.

ಪ್ರಯೋಗಶಾಲೆಯಲ್ಲಿ ಇದನ್ನು ಅಳೆಯುವುದು ರಾಕ್‌ವೆಲ್ ಯಂತ್ರದಿಂದ. ವಜ್ರದ ಮೊನೆಯನ್ನು ಮೊದಲು 10 ಕಿಲೋ, ಆಮೇಲೆ ಒಟ್ಟು 150 ಕಿಲೋ ಭಾರದಲ್ಲಿ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂಬುದರ ಮೇಲೆ ಅಂಕ ಕೊಡುತ್ತಾರೆ. ಸ್ಪ್ಯಾನರಿಗೆ ಬಲಪರೀಕ್ಷೆ ಬೇರೆ: ಗಡುಸಾದ ಆರು ಮೂಲೆಯ ಉಕ್ಕಿನ ತುಂಡಿಗೆ ಅದನ್ನು ಸಿಕ್ಕಿಸಿ ಗೊತ್ತಾದಷ್ಟು ತಿರುಚುಬಲ ಕೊಟ್ಟು, ಭಾರ ತೆಗೆದ ಮೇಲೆ ಬಾಯಿ ಅಗಲವಾಗಿದೆಯೇ ಎಂದು ನೋಡುವುದು.

ಅಂಗಡಿಯಲ್ಲಿ ಯಂತ್ರವಿಲ್ಲ, ನಿಜ. ಆದರೆ ಒಂದು ಒಳ್ಳೆಯ ಅರವಿದ್ದರೆ ಸಾಕು. ಡಬ್ಬಕ್ಕೊಂದು ಸ್ಪ್ಯಾನರನ್ನು ಮಾದರಿಗೆಂದು ಬಿಟ್ಟುಕೊಟ್ಟು, ಲೇಪ ಕೆರೆದು, ಬಾಯಿಯ ಒಳಬದಿಗೆ ಅರ ಹಾಕಿ. ಮೆದು ಕಬ್ಬಿಣವಾದರೆ ಪುಡಿ ಸುರಿಯುತ್ತದೆ. ಹದವಾದ ಉಕ್ಕಾದರೆ ಅರ ಕಷ್ಟಪಟ್ಟು ಕಚ್ಚುತ್ತದೆ. ಕಟಿಂಗ್ ಪ್ಲೇಯರಿನ ಅಲಗಿನ ಮೇಲಂತೂ ಅರ ಬಹುಮಟ್ಟಿಗೆ ಜಾರಬೇಕು. ಪ್ಲೇಯರನ್ನು ಮುಚ್ಚಿ ಬೆಳಕಿಗೆ ಹಿಡಿದರೆ ಅಲಗುಗಳ ನಡುವೆ ಬೆಳಕು ನುಸುಳಬಾರದು. ಒಂದು ಎಚ್ಚರಿಕೆ: ಗಟ್ಟಿತನ ನೋಡಲೆಂದು ಸುತ್ತಿಗೆಯ ಮೇಲೆ ಸುತ್ತಿಗೆ ಹೊಡೆಯಬೇಡಿ. ಗಡುಸಾದ ಎರಡು ಮುಖಗಳು ತಾಕಿದರೆ ಚೂರು ಸಿಡಿದು ಕಣ್ಣಿಗೇ ಬಡಿಯಬಹುದು. ಹಾಗೆ ಪರೀಕ್ಷಿಸುವ ಹಿರಿಯರನ್ನು ನಾನೇ ನೋಡಿದ್ದೇನೆ!

ಐಎಸ್ಐ ಮುದ್ರೆ ಕಂಡ ಕೂಡಲೇ ಸಮಾಧಾನಪಡಬಾರದು. ಮುದ್ರೆಯ ಮೇಲೆ ಐಎಸ್ ಸಂಖ್ಯೆಯೂ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಬರೀ ಮುದ್ರೆಯಿದ್ದರೆ ಅನುಮಾನಿಸಿ. ಈಗ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಪರವಾನಗಿ ಯಾರದೆಂದು ತಿಳಿಯುತ್ತದೆ.

ಮನೆಯವರು ಗಮನಿಸಬೇಕಾದದ್ದು ಕರೆಂಟಿನ ವಿಷಯ. ಪ್ಲೇಯರಿನ ಹಿಡಿಗೆ ಬಣ್ಣದ ಪ್ಲಾಸ್ಟಿಕ್ ತೊಡಿಸಿದ್ದರೆ ಷಾಕ್ ಹೊಡೆಯದೆಂದು ಅನೇಕರ ನಂಬಿಕೆ. ಅದು ಬರೀ ಹಿಡಿತಕ್ಕಾಗಿ ಇರಬಹುದು. ಕರೆಂಟಿನ ಕೆಲಸಕ್ಕೆಂದೇ ಮಾಡಿದ ಉಪಕರಣದ ಮೇಲೆ ಜೋಡಿ ತ್ರಿಕೋನದ ಗುರುತೂ 1000 ವೋಲ್ಟ್ ಎಂಬ ಬರಹವೂ ಇರುತ್ತವೆ. ಅಂಥವನ್ನು 10,000 ವೋಲ್ಟಿನಲ್ಲಿ ಪರೀಕ್ಷಿಸಿರುತ್ತಾರೆ. ಹಾಗಿದ್ದರೂ ಮೇನ್ ಸ್ವಿಚ್ ಆರಿಸದೆ ಕೈ ಹಾಕಬೇಡಿ.

ಜಲಂಧರ್, ಲೂಧಿಯಾನ, ನಾಗೌರ್, ನಾಸಿಕಗಳಲ್ಲಿ ತಯಾರಾಗುವ ಒಳ್ಳೆಯ ಮಾಲು ನಮ್ಮಲ್ಲಿಗೂ ಬರುತ್ತದೆ, ಅದರ ನೆರಳಿನಂತೆ ನಕಲಿಯೂ ಬರುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಐದು ಅತಿಚಾರಗಳ ಕೊನೆಗೆ 'ಪ್ರತಿರೂಪಕ ವ್ಯವಹಾರ' ಬರುತ್ತದೆ. ಅಸಲಿನಂತೆ ಕಾಣುವ ನಕಲನ್ನು ಅಸಲೆಂದು ಮಾರುವುದು ಎಂದರ್ಥ. ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದೆ; ಅದು ನನ್ನ ಕಪಾಟಿನಲ್ಲಿ ಡಬ್ಬದೊಳಗೆ ಕೂತಿದೆಯೆಂದು ಹೊಳೆದಿರಲಿಲ್ಲ.

ಆ ಎರಡು ಡಬ್ಬಗಳನ್ನು ವಾಪಸ್ ಕೊಡಲು ಹೋದರೆ ಸರಬರಾಜುದಾರ ಒಪ್ಪಲಿಲ್ಲ. ಇನ್ನೊಬ್ಬರಿಗೆ ದಾಟಿಸಲು ಮನಸ್ಸು ಬರಲಿಲ್ಲ. ಪ್ರತಿಯೊಂದರ ಬಾಯಿಯನ್ನೂ ಹ್ಯಾಕ್‌ಸಾದಿಂದ ಕೊಯ್ಯಿಸಿ ಗುಜರಿಗೆ ತೂಕಕ್ಕೆ ಹಾಕಿದೆ. ಕೊಯ್ದವನು ನನ್ನ ಸೋದರಳಿಯನೇ. ಎಡಗೈಯಲ್ಲಿ ಹಿಡಿದು ಕೊಯ್ದರೂ ಒಂದೊಂದಕ್ಕೆ ಎರಡು ನಿಮಿಷ ಹಿಡಿಯಲಿಲ್ಲ.