ಹಿರಿಯರ ಸೊಂಟ ಮುರಿದಾಗ

ಇಳಿವಯಸ್ಸಿನವರು ಮನೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ, "ಈ ವಯಸ್ಸಿನಲ್ಲಿ ಆಪರೇಷನ್ ಏಕೆ? ಮಲಗಿರಲಿ" ಎನ್ನುವವರು ಹಲವರು. ಆದರೆ ದೀರ್ಘಕಾಲ ಮಲಗಿರುವುದೇ ಪ್ರಾಣಕ್ಕೆ ಎರವಾಗಬಹುದು. ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮನಸ್ಸಿನ ಗೊಂದಲ ಒಂದರ ಹಿಂದೊಂದು ಬರುತ್ತವೆ.

ಈ ವಿಷಯದಲ್ಲಿ ಇಂಗ್ಲೆಂಡಿನ ಅನುಭವ ಮನನಯೋಗ್ಯವಾದುದು. 2007ರಲ್ಲಿ ಬ್ರಿಟನ್ನಿನ ಮೂಳೆತಜ್ಞರ ಹಾಗೂ ವೃದ್ಧರೋಗ ತಜ್ಞರ ಸಂಘಗಳು ಕೂಡಿ ಇಂತಹ ರೋಗಿಗಳ ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿದವು. 2010ರಿಂದ, ಗೊತ್ತುಪಡಿಸಿದ ಕ್ರಮವನ್ನು ಪೂರ್ತಿ ಪಾಲಿಸಿದ ಆಸ್ಪತ್ರೆಗೆ ಪ್ರತಿ ರೋಗಿಯ ಲೆಕ್ಕದಲ್ಲಿ ಹೆಚ್ಚುವರಿ ಹಣ ದೊರೆಯತೊಡಗಿತು. 36 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ, 72 ಗಂಟೆಗಳೊಳಗೆ ವೃದ್ಧರೋಗ ತಜ್ಞರ ತಪಾಸಣೆ, ಮತ್ತೆ ಬೀಳದಂತೆ, ಮೂಳೆ ಮತ್ತೆ ಮುರಿಯದಂತೆ ಮುನ್ನೆಚ್ಚರಿಕೆ ಇವು ಅದರ ಮುಖ್ಯಾಂಶಗಳು. ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸಬೇಕೆಂದು 2011ರ ಮಾರ್ಗಸೂಚಿ ವಿಧಿಸಿತು. 30 ದಿನಗಳೊಳಗಿನ ಮರಣ ಪ್ರಮಾಣ 2007ರಲ್ಲಿ ಶೇ. 10.9 ಇದ್ದುದು 2011ರಲ್ಲಿ ಶೇ. 8.5ಕ್ಕೆ ಇಳಿಯಿತು.

ಎಲ್ಲ ರೋಗಿಗಳಿಗೂ ಒಂದೇ ಕ್ರಮವೆಂದರೆ ಆರೈಕೆಯು ಯಾಂತ್ರಿಕವಾಗುವುದಿಲ್ಲವೇ ಎಂಬ ಆಕ್ಷೇಪ ಸಹಜವೇ. ಆದರೆ ಮರುಕವು ಆಳಿನಿಂದ ಆಳಿಗೆ, ದಿನದಿಂದ ದಿನಕ್ಕೆ ಬದಲಾಗುವಂಥದು. ಭಾನುವಾರ ರಾತ್ರಿ ಬಂದ, ವಿಚಾರಿಸುವವರಿಲ್ಲದ ಅಜ್ಜಿಗೂ ಗಣ್ಯರ ತಾಯಿಗೆ ಸಿಗುವ ಆರೈಕೆಯೇ ಸಿಗಬೇಕಾದರೆ ಅದು ಬರಹದಲ್ಲಿರಬೇಕು. ದಯೆಯು ನಿಯಮವಾದಾಗ ನ್ಯಾಯವೆನಿಸುತ್ತದೆ.

ನಮ್ಮ ಮನೆಯ ಹಿರಿಯರು ಬಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ದು ವೈದ್ಯರಲ್ಲಿ ಎರಡು ಪ್ರಶ್ನೆಗಳನ್ನು ವಿನಯದಿಂದಲೇ ಕೇಳೋಣ: ಆಪರೇಷನ್ ಯಾವಾಗ? ಎಬ್ಬಿಸಿ ನಡೆಸುವುದು ಯಾವಾಗ?