ಐದು ವರ್ಷದ ಫೆಲೋಶಿಪ್, ಆರನೇ ವರ್ಷದ ಚಿಂತೆ

ದಾಬೋಲಿಮ್ ಅಂದರೆ ಹೆಚ್ಚಿನವರಿಗೆ ವಿಮಾನ ನಿಲ್ದಾಣ. ಇಳಿದು, ಟ್ಯಾಕ್ಸಿ ಹಿಡಿದು ಬೀಚಿನ ಕಡೆ ಹೊರಡುವ ಜಾಗ. ಇದರ ಆಸುಪಾಸಿನಲ್ಲೇ ಇನ್ನೊಂದು ಗೋವಾ ಇದೆ. ಕೆಲವೇ ಕಿಲೋಮೀಟರ್ ದೂರದ ಝುವಾರಿನಗರದಲ್ಲಿ 2004ರಲ್ಲಿ ಶುರುವಾದ ಬಿಟ್ಸ್ ಪಿಲಾನಿಯ ಕ್ಯಾಂಪಸ್, ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಝುವಾರಿ ನದಿಯ ಆಚೆ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಅಲ್ಲೇ ಮೇಲೆ ಗೋವಾ ವಿಶ್ವವಿದ್ಯಾಲಯ. ಕಾರವಾರ, ಧಾರವಾಡ, ಬೆಳಗಾವಿ ಕಡೆ ಎಂಎಸ್ಸಿ ಮುಗಿಸಿದವರಿಗೆ ಇವೆಲ್ಲ ಒಂದು ರೈಲಿನಷ್ಟೇ ದೂರ.

ಇಲ್ಲಿಗೆ ಪಿಎಚ್‌ಡಿಗೆಂದು ಬಂದವರು ಓದುವ ಕಷ್ಟಕ್ಕೆ ಹೆದರುವವರಲ್ಲ. ಅವರನ್ನು ಒಳಗೊಳಗೇ ಕೊರೆಯುವುದು ಕಾಲದ ಲೆಕ್ಕ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಒಟ್ಟು ಐದು ವರ್ಷ. ಆದರೆ 2022ರ ಪಿಎಚ್‌ಡಿ ನಿಯಮ ಕೊಡುವ ಅವಧಿ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು. ಅಂದರೆ ದುಡಿಯಲು ಅನುಮತಿ ಇರುತ್ತದೆ, ಬದುಕಲು ಹಣ ಇರುವುದಿಲ್ಲ. ಸಮುದ್ರದ ಮೇಲೆ ಕೆಲಸ ಮಾಡುವವರಿಗೆ ಈ ಲೆಕ್ಕ ಇನ್ನೂ ಬಿಗಿ. ಮಳೆಗಾಲದ ಕಡಲಿಗೆ ದೋಣಿ ಇಳಿಸಲಾಗದು. ಅಂಟಾರ್ಕ್ಟಿಕಾದ ಬೇಸಿಗೆ ವರ್ಷಕ್ಕೊಮ್ಮೆ ಮಾತ್ರ. ಒಂದು ಋತುವಿನ ಮಾದರಿಗಳು ಕೈತಪ್ಪಿದರೆ ಇಡೀ ವರ್ಷವೇ ಹೋಯಿತು. ಊರಿಗೆ ಫೋನ್ ಮಾಡಿದಾಗ ಅವ್ವ ಕೇಳುತ್ತಾಳೆ, “ಇನ್ನ ಎಷ್ಟ ವರ್ಷಪಾ ತಮ್ಮಾ?” ಆ ಪ್ರಶ್ನೆಯಲ್ಲಿ ಅಕ್ಕರೆಯ ಹೊರತು ಬೇರೇನೂ ಇಲ್ಲ. ಆದರೂ ಅದಕ್ಕೆ ಉತ್ತರ ಕೊಡಲಾಗದವನು ಮುಂದಿನ ವಾರ ಫೋನ್ ಮಾಡುವುದನ್ನೇ ಮುಂದೂಡುತ್ತಾನೆ.

ಪದವಿ ಸಿಕ್ಕ ಮೇಲೆ? ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಕಥೆ ನಮಗೆಲ್ಲ ಗೊತ್ತಿದೆ. 2022ರ ಜನವರಿಯಲ್ಲಿ, ದೀರ್ಘ ಹೋರಾಟದ ನಂತರ, 11,000 ಮತ್ತು 13,000 ರೂಪಾಯಿ ಇದ್ದ ಗೌರವಧನ 26,000ದಿಂದ 32,000ದವರೆಗೆ ಏರಿತು. ಅದರ ಬೆನ್ನಿಗೇ ವಾರದ ಕಾರ್ಯಭಾರವನ್ನು 15 ಗಂಟೆ ಮಾಡಲಾಯಿತು. ಒಬ್ಬರಿಗೆ ಹೆಚ್ಚು ಗಂಟೆ ಕೊಟ್ಟಾಗ ಇನ್ನೊಬ್ಬರಿಗೆ ಕೆಲಸವೇ ಇಲ್ಲ. ಯುಜಿಸಿಯ 2018ರ ನಿಯಮಾವಳಿಯ ಮಾತೇ ಬೇರೆ. ಗುತ್ತಿಗೆ ಬೋಧಕರು ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು, ಅವರ ವೇತನ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ವೇತನಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ ಅದು. ಈ ಸಾಲನ್ನು ಪ್ರತಿಯೊಬ್ಬ ಕಿರಿಯ ಬೋಧಕರೂ ಓದಿರಬೇಕು. ತನ್ನ ಸಂಕಟಕ್ಕೆ ತನ್ನ ಯೋಗ್ಯತೆಯೇ ಕಾರಣ ಎಂದು ನಂಬಿ ಕೂತವರಿಗೆ, ನಿಯಮ ಪಾಲನೆಯಾಗುತ್ತಿಲ್ಲ ಎಂದು ತಿಳಿಯುವುದೇ ದೊಡ್ಡ ಬಿಡುಗಡೆ.

ಇಂಥ ಸಂಕಟ ಮನಸ್ಸನ್ನೂ ಬಿಡುವುದಿಲ್ಲ. 2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ 26 ದೇಶಗಳ 2,279 ಮಂದಿಯ ಸಮೀಕ್ಷೆಯೊಂದು ಪ್ರಕಟವಾಯಿತು. ಉತ್ತರಿಸಿದವರಲ್ಲಿ ಹೆಚ್ಚಿನವರು ಪಿಎಚ್‌ಡಿ ವಿದ್ಯಾರ್ಥಿಗಳು. ಅವರಲ್ಲಿ ಖಿನ್ನತೆ ಮತ್ತು ಆತಂಕ ಸಾಮಾನ್ಯ ಜನರಿಗಿಂತ ಆರು ಪಟ್ಟು ಹೆಚ್ಚು ಕಂಡಿತ್ತು. ತಾವಾಗಿಯೇ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆ ಅದು, ಹಾಗಾಗಿ ಆ ಅಂಕಿಯನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ. ಆದರೆ ಗೈಡ್ ಜೊತೆಗಿನ ಸಂಬಂಧ ಚೆನ್ನಾಗಿಲ್ಲದವರಲ್ಲಿ ನೋವು ಹೆಚ್ಚಿತ್ತು ಎಂಬ ಅದರ ಮಾತನ್ನು ಯಾವ ವಿಭಾಗವೂ ತಳ್ಳಿಹಾಕಬಾರದು.

ಇದಕ್ಕೆ ಏನು ಮಾಡಬಹುದು ಎಂಬುದಕ್ಕೆ ಗೋವಾದಲ್ಲೇ ಒಂದು ಸುಳಿವಿದೆ. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಕಟ್ಟಿದ ‘ಸಂಗಾತ್’ ಸಂಸ್ಥೆ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗಾಗಿ ಪ್ರಯೋಗವೊಂದನ್ನು ನಡೆಸಿತು. ಮಾತಾಡಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮನಸ್ಸು ಸರಿಹೋದ ಮೇಲೆ ಕೆಲಸ ಎಂದು ಕಾಯದೆ, ಹಿತ ಕೊಡುವ ಸಣ್ಣ ಕೆಲಸವನ್ನು ಮೊದಲು ಮಾಡುವುದು, ಬಿಟ್ಟುಹೋದ ನಂಟುಗಳನ್ನು ಮತ್ತೆ ಹಿಡಿಯುವುದು ಆ ಕ್ರಮದ ತಿರುಳು. ‘ಲ್ಯಾನ್ಸೆಟ್’ನ 2017ರ ವರದಿಯ ಪ್ರಕಾರ, ಮೂರು ತಿಂಗಳಲ್ಲಿ ಆ ಗುಂಪಿನ ಶೇ 64 ಮಂದಿ ಚೇತರಿಸಿಕೊಂಡಿದ್ದರು, ಈ ನೆರವು ಸಿಗದವರಲ್ಲಿ ಶೇ 39.

ಸಂಶೋಧನಾ ವಿದ್ಯಾರ್ಥಿಗೆ ಇದನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಪ್ರಬಂಧ ಎಂಬುದು ದಿನದ ಕೊನೆಗೆ ‘ಮುಗಿಯಿತು’ ಅನ್ನಿಸುವ ಕೆಲಸವಲ್ಲ. ಆದ್ದರಿಂದ ಮುಗಿಯುವಂಥದ್ದು ಏನಾದರೂ ದಿನವೂ ಇರಬೇಕು. ಬೆಳಿಗ್ಗೆ ಒಂದು ಗಂಟೆ ಬರವಣಿಗೆ, ಅಷ್ಟಾದರೆ ಆ ದಿನದ ಋಣ ತೀರಿತು. ಸಂಜೆ ಷಟಲ್ಲೋ ಅಡುಗೆಯೋ. ಬರೆದದ್ದನ್ನು ಗೈಡ್‌ಗೆ ಕಳಿಸುವ ಮುಂಚೆ ಓದಲು ಒಬ್ಬ ಜೊತೆಗಾರ ಬೇಕು, ಇಬ್ಬರೂ ಪರಸ್ಪರ ಓದಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಇದು ಇನ್ನೂ ಮುಖ್ಯ: ವಾದವನ್ನು ಮೊದಲು ಕನ್ನಡದಲ್ಲಿ ಗೆಳೆಯನಿಗೆ ಹೇಳಿ, ಆಮೇಲೆ ಇಂಗ್ಲಿಷಿಗೆ ಕೂತರೆ ವಾಕ್ಯದ ಭಯ ಅರ್ಧ ಕಡಿಮೆಯಾಗುತ್ತದೆ. ಗೈಡ್ ಜೊತೆ ಆದ ಮಾತುಕತೆಯನ್ನು ಅದೇ ದಿನ ಮೂರು ಸಾಲಿನ ಇಮೇಲ್ ಆಗಿ ಕಳಿಸಿಬಿಡಬೇಕು. ಮುಂದೆ “ನಾನು ಹಾಗೆ ಹೇಳಿರಲಿಲ್ಲ” ಎಂಬ ಮಾತು ಬಂದರೆ ಅದು ಕಾಪಾಡುತ್ತದೆ. ಸಂಶೋಧಕಿಯರು ತಮಗೆ 240 ದಿನಗಳವರೆಗಿನ ಹೆರಿಗೆ ಹಾಗೂ ಶಿಶುಪಾಲನಾ ರಜೆಯೂ ಅವಧಿಯಲ್ಲಿ ಎರಡು ವರ್ಷದ ವಿನಾಯಿತಿಯೂ ಇದೆ ಎಂಬುದನ್ನು ತಿಳಿದು, ಅವನ್ನು ಸಂಕೋಚವಿಲ್ಲದೆ ಕೇಳಬೇಕು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಜೊತೆಗಾರರ ಸಮಾಧಾನ ಸಾಲದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಝುವಾರಿ ಸೇತುವೆ ದಾಟಿದರೆ ಬಾಂಬೋಳಿಯಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ.

ಉಳಿದದ್ದು ಹಿರಿಯರ ಪಾಲು. ವಿಭಾಗದ ಮುಖ್ಯಸ್ಥರು ಐದನೇ ವರ್ಷದ ಆರಂಭದಲ್ಲೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಆರನೇ ವರ್ಷದ ಹಣ ಎಲ್ಲಿಂದ, ಯಾವ ಯೋಜನೆಯಲ್ಲಿ ಎಂದು ಬರೆದಿಡಬೇಕು. ಗೈಡ್ ಆದವರು ಅಧ್ಯಾಯ ಕೈಗೆ ಬಂದ ದಿನವೇ, ಓದಿ ಹಿಂತಿರುಗಿಸುವ ತಾರೀಕನ್ನೂ ಹೇಳಿಬಿಡಬೇಕು.